ಹೈಸ್ಕೂಲ್ ಮಕ್ಕಳ ಬೇಸಿಗೆ ರಜೆ ರಜೆಯಾಗಿಯೇ ಇರಲಿ: ತುಮಕೂರು ಕಡೆಯ ಅಪ್ಪ ಅಮ್ಮಂದಿರಿಗೆ

ಏಪ್ರಿಲ್ ಎರಡನೇ ವಾರಕ್ಕೆ ಶಾಲೆ ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಸಣ್ಣ ಮಕ್ಕಳಿಗೆ ಈ ರಜೆ ಹೇಗೆ ಕಳೆಯಿತು ಅಂತಲೇ ಗೊತ್ತಾಗುವುದಿಲ್ಲ. ಅಜ್ಜಿ ಮನೆ, ಮಣ್ಣು, ಐಸ್‌ಕ್ಯಾಂಡಿ ಇದ್ದರೆ ಸಾಕು. ಎಂಟನೇ ಕ್ಲಾಸು ದಾಟಿದವರದೇ ಕಷ್ಟ. ಮಲಗಿದರೆ ಸೋಮಾರಿ ಅನ್ನುತ್ತೇವೆ. ಆಡಲು ಹೋದರೆ ಇಷ್ಟು ದೊಡ್ಡವನಾದ ಮೇಲೂ ಆಟವಾ ಅನ್ನುತ್ತೇವೆ. ಮೊಬೈಲ್ ಹಿಡಿದರಂತೂ ಕೇಳುವುದೇ ಬೇಡ. ರಜೆ ಕೊಟ್ಟ ಹಾಗೂ ಆಗಬೇಕು, ಅದರಲ್ಲಿ ಒಂದು ಗಂಟೆಯೂ ಅವರ ಕೈಗೆ ಸಿಗಬಾರದು ಅನ್ನುವ ಹಾಗೆ ನಡೆದುಕೊಳ್ಳುತ್ತೇವೆ.

ನಾನು ಹೇಳಹೊರಟಿರುವುದು ಇಷ್ಟೇ. ರಜೆ ಅವರದು. ಅದನ್ನು ಕ್ಲಾಸು, ಕ್ಯಾಂಪು ಅಂತ ನಾವು ತುಂಬಿಸಬೇಕಾಗಿಲ್ಲ. ಅಡ್ಡಿ ಬಂದಲ್ಲಿ ತೆಗೆಯಬೇಕು, ಅಪಾಯ ಇರುವ ಕಡೆ ಮಾತ್ರ ಗಟ್ಟಿಯಾಗಿ ನಿಲ್ಲಬೇಕು. ಅದನ್ನು ಹೇಗೆ ಮಾಡಬಹುದು ಅನ್ನುವುದನ್ನು ರಜೆಯ ಶುರುವಿನಿಂದ ಕೊನೆಯವರೆಗೆ ಒಂದೊಂದಾಗಿ ಬರೆದಿದ್ದೇನೆ.

ಮೊದಲ ವಾರ: ಮಲಗಲು ಬಿಡಿ

ಪರೀಕ್ಷೆ ಮುಗಿಸಿ ಬಂದ ಮಗು ಹತ್ತು ಗಂಟೆಯವರೆಗೆ ಮಲಗಿದರೆ ಎಬ್ಬಿಸಬೇಡಿ. ಹರೆಯಕ್ಕೆ ಬಂದವರ ಮೈಯೊಳಗಿನ ಗಡಿಯಾರವೇ ಸ್ವಲ್ಪ ಮುಂದಕ್ಕೆ ಹೋಗಿರುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಹೆಚ್ಚುತ್ತದೆ. ಹಾಗಾಗಿ ಒಂಬತ್ತಕ್ಕೇ ಮಲಗು ಅಂದರೂ ಅವರಿಗೆ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಐದಕ್ಕೆ ಎಬ್ಬಿಸಿದರೆ ಕಣ್ಣು ಬಿಡಲು ಆಗುವುದಿಲ್ಲ. ಅದು ಸೋಮಾರಿತನ ಅಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಬೆಳಿಗ್ಗೆ ಟ್ಯೂಷನ್, ಸಂಜೆ ಸ್ಪೆಷಲ್ ಕ್ಲಾಸ್ ಅಂತ ಓಡಿದ ಮಗುವಿಗೆ ವರ್ಷವಿಡೀ ಅಷ್ಟು ಸಿಕ್ಕಿರುವುದಿಲ್ಲ.

ಒಂದು ವಾರ ಹಾಗೇ ಬಿಡಿ. ಆಮೇಲೆ ಏಳುವುದಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಂಡರೆ ಆಯಿತು. ಎಂಟಾದರೂ ಸರಿ, ಎಂಟೂವರೆ ಆದರೂ ಸರಿ. ದಿನಾ ಅದೇ ಹೊತ್ತಿಗೆ ಎದ್ದರೆ ಸಾಕು.

ಎರಡನೇ ವಾರ: ಎದುರು ಕೂರಿಸಿ ಬೈಯದೆ, ಪಕ್ಕ ಕೂತು ಕೇಳಿ

ರಾತ್ರಿ ಊಟ ಆದ ಮೇಲೆ, ಟಿವಿ ಆರಿಸಿ, ಒಂದು ಹಾಳೆ ಪೆನ್ನು ಕೊಟ್ಟು ಕೇಳಿ. "ಈ ರಜೆಯಲ್ಲಿ ನಿನಗೆ ಏನೇನು ಮಾಡಬೇಕು ಅನ್ನಿಸ್ತಿದೆ? ಬರಿ." ಮೊದಲು ಏನೂ ಬರೆಯುವುದಿಲ್ಲ. "ಏನೂ ಇಲ್ಲಮ್ಮ" ಅನ್ನುತ್ತಾರೆ. ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ ಸುಮ್ನೆ ಬಿಡಿ. ಎರಡು ದಿನ ಬಿಟ್ಟು ನೋಡಿದರೆ ಏನಾದರೂ ಇರುತ್ತದೆ. ಈಜು ಕಲಿಯಬೇಕು, ಗೆಳತಿ ಮನೆಯಲ್ಲಿ ಒಂದು ದಿನ ಉಳಿಯಬೇಕು, ಐಪಿಎಲ್ ಮ್ಯಾಚ್ ಕೊನೆಯ ಓವರ್‌ವರೆಗೂ ನೋಡಬೇಕು, ಕೂದಲು ಬೇರೆ ಥರ ಕತ್ತರಿಸಿಕೊಳ್ಳಬೇಕು. ನಮಗೆ ಸಣ್ಣದು ಅನ್ನಿಸುವುದೇ ಜಾಸ್ತಿ ಇರುತ್ತದೆ. ಒಂದನ್ನೂ ಹೊಡೆದುಹಾಕಬೇಡಿ. "ಇದರಿಂದ ಏನು ಉಪಯೋಗ" ಅಂತ ಕೇಳಿದ ಕ್ಷಣಕ್ಕೆ ಆ ಹಾಳೆ ನಿಮ್ಮದಾಗಿಬಿಡುತ್ತದೆ. ಆಮೇಲೆ ಅವರು ಅದನ್ನು ಮುಟ್ಟುವುದಿಲ್ಲ.

ಒಂಬತ್ತು ಮುಗಿಸಿ ಹತ್ತನೇ ಕ್ಲಾಸಿಗೆ ಹೋಗುವವರ ಮನೆಯಲ್ಲಿ ವೆಕೇಷನ್ ಕ್ಲಾಸಿನ ಮಾತು ಬಂದೇ ಬರುತ್ತದೆ. ಪಕ್ಕದ ಮನೆಯವರು ಸೇರಿಸಿದರು ಅನ್ನುವುದು ಕಾರಣವಾಗಬಾರದು. ಮಗುವಿಗೆ ಗಣಿತದಲ್ಲೋ ಇಂಗ್ಲಿಷಿನಲ್ಲೋ ನಿಜವಾಗಿ ಎಲ್ಲಿ ತೊಡಕಿದೆ ಅಂತ ಅವರನ್ನೇ ಕೇಳಿ. ಬೇಕೇ ಬೇಕು ಅಂದರೆ ಬೆಳಗಿನ ಹೊತ್ತು ಎರಡೇ ಗಂಟೆಯ ಒಂದು ಕ್ಲಾಸು ಸಾಕು. ಅದೂ ಮೇ ತಿಂಗಳಲ್ಲಿ ಶುರುವಾಗಲಿ. ಏಪ್ರಿಲ್ ಪೂರ್ತಿ ಖಾಲಿ ಬಿಡಿ. ಇಷ್ಟಕ್ಕೆ ಒಪ್ಪದ ಟ್ಯೂಷನ್ ಬಿಟ್ಟರೆ ಏನೂ ನಷ್ಟವಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದಿನವನ್ನು ಬಿಸಿಲು ನೋಡಿ ಹಂಚಿಕೊಳ್ಳಿ

ಗಂಟೆಗಂಟೆಗೆ ಟೈಂ ಟೇಬಲ್ ಬೇಡ. ನಮ್ಮ ಕಡೆಯ ಬಿಸಿಲೇ ದಿನವನ್ನು ಮೂರು ಪಾಲು ಮಾಡಿಕೊಡುತ್ತದೆ. ಪಾವಗಡ, ಮಧುಗಿರಿ, ಸಿರಾ ಕಡೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಹತ್ತರವರೆಗೆ ಹೊರಗಿನ ಆಟ, ಸೈಕಲ್. ಹನ್ನೊಂದರಿಂದ ನಾಲ್ಕರವರೆಗೆ ಮನೆಯೊಳಗೆ, ಇಲ್ಲವೇ ಹೊಂಗೆ ಮರದ ಕೆಳಗೆ. ಬೇಸಿಗೆ ಬರುವ ಹೊತ್ತಿಗೆ ಸರಿಯಾಗಿ ಹೊಂಗೆ ಹೊಸ ಎಲೆ ತುಂಬಿಕೊಂಡು ನಿಂತಿರುತ್ತದೆ, ಅದರ ನೆರಳಿನ ತಂಪೇ ಬೇರೆ. ನಾಲ್ಕೂವರೆ ಮೇಲೆ ಮತ್ತೆ ಹೊರಗೆ.

ಕ್ರಿಕೆಟ್ ಹುಚ್ಚಿರುವ ಹುಡುಗರು ನಡುಮಧ್ಯಾಹ್ನವೂ ಮೈದಾನದಲ್ಲೇ ಇರುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ಟೂರ್ನಮೆಂಟನ್ನೇ ಬೆಳಿಗ್ಗೆ ಆರೂವರೆಗೆ ಇಟ್ಟುಕೊಳ್ಳಿ ಅಂತ ಅವರ ಗುಂಪಿನ ಎದುರೇ ಹೇಳಿ ನೋಡಿ. ಆಟ ಅಂದರೆ ಎದ್ದೇಳುತ್ತಾರೆ. ನೀರಿನ ಬಾಟಲಿ, ಟೋಪಿ ಇರಲಿ. ಮನೆಗೆ ಬಂದ ಕೂಡಲೇ ಉಪ್ಪು ಹಾಕಿದ ಮಜ್ಜಿಗೆಯೋ ರಾಗಿ ಅಂಬಲಿಯೋ ಎಳನೀರೋ ಕೊಡಿ. ಬಿಸಿಲಲ್ಲಿದ್ದು ಬಂದವರಿಗೆ ತಲೆಸುತ್ತು, ವಾಂತಿ ಬಂದರೆ ನೆರಳಿಗೆ ಕರೆತಂದು, ಮೈ ಒದ್ದೆ ಮಾಡಿ, ಗಾಳಿ ಬೀಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಮಾತು ತಡವರಿಸಿದರೆ, ಎಚ್ಚರ ತಪ್ಪಿದರೆ ಕುಡಿಸಲು ಹೋಗಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಧ್ಯಾಹ್ನದ ಐದು ಗಂಟೆಯೇ ಉದ್ದ. ಆಗ ಬೇಜಾರು ಅನ್ನುತ್ತಾರೆ. ಅನ್ನಲಿ ಬಿಡಿ. ಬೇಜಾರಾದ ಹುಡುಗಿ ಅಟ್ಟದ ಮೇಲಿನ ಅಳಿಗುಳಿ ಮಣೆ ಇಳಿಸಿಕೊಳ್ಳುತ್ತಾಳೆ, ಹುಡುಗ ಹಳೇ ಸೈಕಲ್ಲಿನ ಚೈನು ಬಿಚ್ಚಿ ಕೂರುತ್ತಾನೆ. ನೀವು ಎರಡೇ ನಿಮಿಷಕ್ಕೆ ಟಿವಿ ರಿಮೋಟ್ ಕೊಟ್ಟರೆ ಅದು ಯಾವುದೂ ಆಗುವುದಿಲ್ಲ. ಕ್ಯಾರಂ ಬೋರ್ಡು, ಚೌಕಾಬಾರ, ಒಂದಷ್ಟು ಪುಸ್ತಕ ಕೈಗೆ ಸಿಗುವ ಕಡೆ ಇಟ್ಟು ಸುಮ್ಮನಿರಿ. ಹಳ್ಳಿಯಲ್ಲಿ ಇರುವವರು ಗ್ರಾಮ ಪಂಚಾಯಿತಿ ಲೈಬ್ರರಿ, ಅಂದರೆ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಮಕ್ಕಳಿಗೆ ಸದಸ್ಯತ್ವ ಉಚಿತ.

ಮೊಬೈಲ್: ಒಪ್ಪಂದ ಇಬ್ಬರಿಗೂ

ಮೊಬೈಲ್ ಕಿತ್ತುಕೊಂಡರೆ ರಜೆ ಪೂರ್ತಿ ಜಗಳ. ಪೂರ್ತಿ ಬಿಟ್ಟರೆ ರಜೆ ಪೂರ್ತಿ ರೀಲ್ಸ್. ಮೂರು ಮಾತು ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನೇ ಹದಕ್ಕೆ ಬರುತ್ತದೆ. ರಾತ್ರಿ ಹತ್ತೂವರೆಗೆ ಮನೆಯ ಎಲ್ಲ ಫೋನೂ ಹಾಲ್‌ನಲ್ಲಿ ಚಾರ್ಜಿಗೆ. ಎಲ್ಲ ಅಂದರೆ ಅಪ್ಪನದೂ. ಊಟದ ಹೊತ್ತಿಗೆ ಯಾರ ಕೈಯಲ್ಲೂ ಫೋನ್ ಬೇಡ. ಮೂರನೆಯದು, ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ಬೇಡವೇ ಬೇಡ. ಅಂಥ ಆಟಗಳನ್ನು 2025ರಲ್ಲಿ ಕೇಂದ್ರ ಸರ್ಕಾರದ ಕಾನೂನೇ ನಿಷೇಧಿಸಿದೆ ಅನ್ನುವುದನ್ನೂ ಮಕ್ಕಳಿಗೆ ಹೇಳಿ. ನಿಮ್ಮ ಯುಪಿಐ ಪಿನ್ ಅವರಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ.

ಕದ್ದು ಅವರ ಚಾಟ್ ಓದಬೇಡಿ. ಗೊತ್ತಾದ ದಿನದಿಂದ ಅವರು ನಿಮ್ಮ ಹತ್ತಿರ ಏನನ್ನೂ ಹೇಳುವುದಿಲ್ಲ. ಯಾರಾದರೂ ಫೋಟೋ ಕೇಳಿದರೆ, ಹೆದರಿಸಿದರೆ, "ನೀನು ಏನೇ ಮಾಡಿದ್ದರೂ ಮೊದಲು ನನ್ನ ಹತ್ತಿರ ಬಾ, ನಾನು ಬೈಯಲ್ಲ" ಅಂತ ಮುಂಚೆಯೇ ಹೇಳಿಟ್ಟಿರಿ. ಬಂದಾಗ ನಿಜವಾಗಲೂ ಬೈಯಬೇಡಿ. ಮಕ್ಕಳ ಸಹಾಯವಾಣಿ 1098, ಆನ್‌ಲೈನ್ ವಂಚನೆಗೆ 1930. ಎರಡೂ ನಂಬರು ಫೋನಿನಲ್ಲಿ ಇರಲಿ.

ಮನೆ ಕೆಲಸ: ಮಗಳಿಗೆ ಮಾತ್ರ ಅಲ್ಲ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ರಜೆ ಬಂದರೆ ಹುಡುಗ ಬೀದಿಗೆ, ಹುಡುಗಿ ಅಡುಗೆಮನೆಗೆ. ಎಷ್ಟೋ ಮನೆಯಲ್ಲಿ ಇದು ಹೀಗೇ ನಡೆದುಕೊಂಡು ಬಂದಿದೆ. ಶಾಲೆ ಇದ್ದಾಗಲಾದರೂ ಗೆಳತಿಯರ ಜೊತೆ ನಕ್ಕು ಬರುತ್ತಿದ್ದವಳು ಆರು ವಾರ ಪಾತ್ರೆ, ಬಟ್ಟೆ, ತಮ್ಮನ ತಟ್ಟೆ ಅಂತ ಕಳೆಯುತ್ತಾಳೆ. ಅದು ರಜೆ ಹೇಗಾಗುತ್ತದೆ? ಮೊದಲ ದಿನವೇ ಮನೆ ಕೆಲಸ ಹಂಚಿಬಿಡಿ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗಂಟೆಯ ಕೆಲಸ. ಮಗನಿಗೂ ಅಷ್ಟೇ, ಮಗಳಿಗೂ ಅಷ್ಟೇ. ಸಂಜೆ ಹೊರಗೆ ಹೋಗಲು ಸಿಗುವ ಹೊತ್ತೂ ಅಷ್ಟೇ. ಹುಡುಗಿಯರಿಗೆ ಆಡಲು ಜಾಗವಿಲ್ಲ ಅನ್ನುವುದು ನಿಜವಾದ ತೊಂದರೆ. ಅದಕ್ಕೆ ನಾಲ್ಕು ಮನೆಯ ಅಮ್ಮಂದಿರು ಸೇರಿ, ದಿನಕ್ಕೊಬ್ಬರು ಶಾಲೆ ಮೈದಾನದಲ್ಲಿ ಕೂತರೆ ಆ ಹುಡುಗಿಯರು ಥ್ರೋಬಾಲ್, ಖೋಖೋ ಆಡಿಕೊಳ್ಳುತ್ತಾರೆ.

ಕೆಲಸ ಅಂದರೆ ಬರೀ ಗುಡಿಸುವುದು ಕೊಡಬೇಡಿ. ಪೂರ್ತಿ ಒಂದನ್ನು ಕೈಗೆ ಕೊಟ್ಟು ನೋಡಿ. ವಾರಕ್ಕೊಂದು ರಾತ್ರಿಯ ಊಟ ಮಕ್ಕಳದು ಅಂತ ಮಾಡಿ. ನಮ್ಮ ಕಡೆಯವರಾದ ಮೇಲೆ ಮುದ್ದೆಯಿಂದಲೇ ಶುರುವಾಗಲಿ. ಹದಿನಾಲ್ಕು ವರ್ಷದ ಹುಡುಗನಿಗೆ ತೋಳಿನ ಬಲ ತೋರಿಸಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟಕ್ಕಿಂತ ಸ್ವಲ್ಪ ಕಮ್ಮಿ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಆ ನೀರಿಗೇ ಹಾಕಿ, ಚಿಟಿಕೆ ಉಪ್ಪು ಸೇರಿಸಿ ಕುದಿಸಬೇಕು. ಚೆನ್ನಾಗಿ ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಸದೆ, ಕೋಲಿನಿಂದ ನಡುವೆ ಒಂದು ತೂತು ಮಾಡಿ ಉರಿ ಸಣ್ಣ ಮಾಡಬೇಕು. ಇಲ್ಲೇ ಮಕ್ಕಳು ಆತುರ ಪಡುವುದು. ಕೈ ಹಾಕಬೇಡ ಅನ್ನಿ. ಐದಾರು ನಿಮಿಷ ನೀರು ಹಿಟ್ಟಿನ ಸುತ್ತ ಕೊತಕೊತ ಅನ್ನುತ್ತಾ, ತೂತಿನಿಂದ ಮೇಲೆ ಉಕ್ಕುತ್ತಾ ಬೇಯಲಿ. ಆಮೇಲೆ ಪಾತ್ರೆ ಕೆಳಗಿಳಿಸಿ, ಅಲ್ಲಾಡದ ಹಾಗೆ ಒಬ್ಬರು ಬಟ್ಟೆಯಲ್ಲಿ ಹಿಡಿದುಕೊಂಡರೆ ಇನ್ನೊಬ್ಬರು ಕೋಲಿನಿಂದ ಪಾತ್ರೆ ಗೋಡೆಗೆ ಒತ್ತಿ ಒತ್ತಿ ತಿರುವಬೇಕು. ಗಂಟು ಕಂಡರೆ ಅಲ್ಲೇ ಒಡೆಯಬೇಕು. ಮತ್ತೆ ಎರಡು ನಿಮಿಷ ಸಣ್ಣ ಉರಿ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು, ಬೆಂದಿದೆ ಅನ್ನುವುದಕ್ಕೆ ಅದೇ ಗುರುತು. ಒದ್ದೆ ಮಾಡಿದ ತಟ್ಟೆಗೆ ಹಾಕಿ, ಕೈಗೆ ತಣ್ಣೀರು ಮುಟ್ಟಿಸಿಕೊಂಡು, ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಮೊದಲ ಸಲ ಗಂಟು ಇದ್ದೇ ಇರುತ್ತದೆ. ಸಾರಿನ ಜೊತೆ ನುಂಗಿ, ಚೆನ್ನಾಗಿದೆ ಅನ್ನಿ. ಮುಂದಿನ ವಾರ ಅವರೇ ಒಲೆ ಹಚ್ಚುತ್ತಾರೆ.

ಮೇ ತಿಂಗಳಲ್ಲಿ ಹಲಸು ಬರಲು ಶುರುವಾಗುತ್ತದೆ. ಚೇಳೂರು, ತೋವಿನಕೆರೆ ಕಡೆಯ ಹಲಸಿಗೆ ಹೆಸರಿದೆ. ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಟ್ಟು ಹಣ್ಣು ಬಿಡಿಸುವ ಕೆಲಸವನ್ನೂ ಅವರಿಗೇ ಬಿಡಿ.

ದುಡಿದು ಸ್ವಲ್ಪ ಕಾಸು ಮಾಡಬೇಕು ಅನ್ನುವ ಮಕ್ಕಳೂ ಇರುತ್ತಾರೆ. ಹದಿನಾಲ್ಕು ತುಂಬಿದ್ದರೆ ಸೋದರಮಾವನ ಅಂಗಡಿಯಲ್ಲಿ ಬೆಳಗಿನ ಹೊತ್ತು ಕೂರುವುದರಲ್ಲಿ ತಪ್ಪಿಲ್ಲ. ಅಪಾಯದ ಕೆಲಸಕ್ಕೆ 18 ತುಂಬುವವರೆಗೆ ಕಾನೂನು ಬಿಡುವುದಿಲ್ಲ, ನೀವೂ ಬಿಡಬೇಡಿ. ದುಡಿದ ಕಾಸು ಅವರ ಕೈಗೇ ಹೋಗಲಿ.

ಒಂದೊಂದು ದಿನದ ತಿರುಗಾಟ

ದೂರದ ಟೂರ್ ಎಲ್ಲರಿಗೂ ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುವಂಥ ಜಾಗಗಳು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿವೆ. ಎಲ್ಲಿಗೆ, ಯಾವ ಬಸ್ಸು, ಎಷ್ಟು ಖರ್ಚು ಅನ್ನುವುದನ್ನು ಮಕ್ಕಳೇ ವಿಚಾರಿಸಿ ಬರೆದುಕೊಂಡು ಬರಲಿ. ನೀವು ಜೊತೆಗೆ ಹೋಗಿ, ಆದರೆ ದಾರಿ ಅವರು ತೋರಿಸಲಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಆಧಾರ್ ಮರೆಯಬಾರದು ಅಷ್ಟೇ. ಅಮ್ಮ, ಮಗಳು, ಅಜ್ಜಿ ಹೊರಟರೆ ಖರ್ಚು ಬುತ್ತಿಗೆ ಮಾತ್ರ.

ತುಮಕೂರಿನಿಂದ ಹತ್ತಿರ ಅಂದರೆ ದೇವರಾಯನದುರ್ಗ. ಬೆಳಿಗ್ಗೆ ಬೇಗ ಬೆಟ್ಟ ಹತ್ತಿ ಭೋಗನರಸಿಂಹ, ಯೋಗನರಸಿಂಹ ದೇವಸ್ಥಾನ ನೋಡಿಕೊಂಡು, ಬಿಸಿಲೇರುವ ಹೊತ್ತಿಗೆ ಕೆಳಗಿನ ಕಾಡಿನ ನಾಮದ ಚಿಲುಮೆಗೆ ಇಳಿಯಿರಿ. ನಾಮ ಹಚ್ಚಿಕೊಳ್ಳಲು ನೀರಿಲ್ಲದೆ ರಾಮ ಬಾಣ ಬಿಟ್ಟ, ಬಂಡೆಯಿಂದ ನೀರು ಬಂತು ಅನ್ನುವ ಕಥೆ ಅಲ್ಲಿಯದು. ಬೇಸಿಗೆಯಲ್ಲೂ ಬಂಡೆಯ ಸೀಳಿನಿಂದ ನೀರು ಬರುತ್ತಲೇ ಇರುತ್ತದೆ. ಜಯಮಂಗಲಿ ನದಿ ಹುಟ್ಟುವುದೂ ಇದೇ ಬೆಟ್ಟಸಾಲಿನಲ್ಲಿ. ಬುತ್ತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿದುಕೊಂಡು ಓಡಾಡಬೇಡಿ, ಕೋತಿಗಳು ಬಿಡುವುದಿಲ್ಲ. ಒಣಗಿದ ಕಾಡು, ಬೆಂಕಿಕಡ್ಡಿ ಗೀರಬೇಡಿ.

ಸಿರಾ ಹತ್ತಿರದ ಕಗ್ಗಲಡುವಿಗೆ ಈ ಹೊತ್ತಿನಲ್ಲೇ ಹೋಗಬೇಕು. ಊರಿನ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟಿ ಮರಿ ಮಾಡಿಕೊಂಡಿರುತ್ತವೆ. ಊರಿನವರೇ ಕಾಪಾಡಿಕೊಂಡು ಬಂದ ಹಕ್ಕಿಗಳು ಅವು. ಕೊಂಬೆ ತುದಿಯಲ್ಲಿ ಕೂತ ಮರಿಗಳ ಬಾಯಿಗೆ ತಾಯಿ ಹಕ್ಕಿ ಮೀನು ಸುರಿಯುವುದನ್ನು ಫೋನಿನಲ್ಲಿ ಹಿಡಿಯಲು ನಿಂತ ಹುಡುಗ ಒಂದು ಗಂಟೆ ಅಲ್ಲಾಡುವುದಿಲ್ಲ. ಜೋರಾಗಿ ಕೂಗಬಾರದು, ಕಲ್ಲು ಎಸೆಯಬಾರದು. ಊರಿನವರನ್ನು ಮಾತಾಡಿಸಲು ಮಕ್ಕಳಿಗೆ ಹೇಳಿ. ಅವರ ಹತ್ತಿರ ಇರುವಷ್ಟು ಕಥೆ ಯೂಟ್ಯೂಬಿನಲ್ಲಿ ಇಲ್ಲ.

ಕೃಷ್ಣಮೃಗ ನೋಡಬೇಕು ಅಂದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಬಟ್ಟಬಯಲು, ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಬೇಕು. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವುದನ್ನು ಮಾತ್ರ ಬೇಸಿಗೆಯಲ್ಲಿ ಬಿಡಿ. ಬಂಡೆ ಕಾದು ಕಾಲಿಡಲಾಗುವುದಿಲ್ಲ, ಜಾರುವ ಕಡೆಯೂ ಇವೆ. ಮಳೆ ಕಳೆದ ಮೇಲೆ ಚಳಿಗಾಲದಲ್ಲಿ ಹೋದರೆ ಚೆನ್ನ.

ಊರಿಗೆ ಕಳಿಸಿ, ನಾಟಕ ತೋರಿಸಿ

ಹಳ್ಳಿಯಲ್ಲಿ ಅಜ್ಜಿ, ದೊಡ್ಡಪ್ಪ ಇದ್ದರೆ ಒಂದು ವಾರವಾದರೂ ಒಬ್ಬರನ್ನೇ ಕಳಿಸಿ. ತಿಪಟೂರು, ತುರುವೇಕೆರೆ ಕಡೆಯಾದರೆ ತೋಟದಲ್ಲೇ ದಿನ ಕಳೆಯುತ್ತದೆ. ಏಪ್ರಿಲ್, ಮೇ ಊರಹಬ್ಬ, ಜಾತ್ರೆಗಳ ಕಾಲ. ರಾತ್ರಿ ಪೌರಾಣಿಕ ನಾಟಕ ಇದ್ದರೆ ಬೇಡ ಅನ್ನದೆ ಕರೆದುಕೊಂಡು ಹೋಗಿ. ಹಗಲು ಟ್ರ್ಯಾಕ್ಟರ್ ಓಡಿಸುವ ಅಣ್ಣ ರಾತ್ರಿ ಕಿರೀಟ ಇಟ್ಟು ದುರ್ಯೋಧನನಾಗಿ ನಿಂತು, ಹಾರ್ಮೋನಿಯಂ ಶ್ರುತಿಗೆ ಕಂದಪದ್ಯ ಎತ್ತಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಕಟ್ಟಿದ ಜಿಲ್ಲೆ ಇದು. ಹೆಸರಾಂತ ರಂಗಕರ್ಮಿ ಗುಬ್ಬಿ ವೀರಣ್ಣನವರು ಬಾಲಕನಾಗಿದ್ದಾಗಲೇ ಆ ಕಂಪನಿ ಸೇರಿದವರು. ನಟ ರಾಜ್‌ಕುಮಾರ್ ಪಳಗಿದ್ದೂ ಅಲ್ಲೇ ಅಂತ ಹೇಳಿದರೆ ಮಕ್ಕಳು ಇನ್ನಷ್ಟು ಹತ್ತಿರ ಕೂರುತ್ತಾರೆ. ಬಣ್ಣದ ಮನೆಯೊಳಗೆ ಒಮ್ಮೆ ಇಣುಕಲು ಬಿಡಿ.

ಎರಡು ಕಡೆ ಸಡಿಲ ಬಿಡಲೇಬಾರದು

ಒಂದು ನೀರು. ಬೇಸಿಗೆ ಬಂತೆಂದರೆ ಕೆರೆ, ಕಲ್ಲುಕ್ವಾರಿ, ಕೃಷಿಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿ ಬರದ ವರ್ಷವಿಲ್ಲ. ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಪಾಚಿ ಹಿಡಿದು ಜಾರುತ್ತದೆ. ಈಜು ಬಂದವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಹೂಳೆತ್ತಿದ ಕೆರೆಯಲ್ಲಿ ಎಲ್ಲಿ ಗುಂಡಿ ಅಂತ ಮೇಲಿಂದ ತಿಳಿಯುವುದಿಲ್ಲ. ಕ್ವಾರಿಯಲ್ಲಿ ದಡದಿಂದಲೇ ಆಳ. ಹೋಗಬೇಡ ಅಂತ ಬರೀ ಹೆದರಿಸಿದರೆ ಕದ್ದು ಹೋಗುತ್ತಾರೆ. ಈಜು ಕಲಿಸಿ. ಈಜುಕೊಳವಾದರೂ ಸರಿ, ಮೆಟ್ಟಿಲಿರುವ ಬಾವಿಯಾದರೂ ಸರಿ, ಸೊಂಟಕ್ಕೆ ಖಾಲಿ ಕ್ಯಾನ್ ಕಟ್ಟಿ, ಚೆನ್ನಾಗಿ ಈಜು ಬರುವ ದೊಡ್ಡವರು ನೀರಿನಲ್ಲೇ ಜೊತೆಗಿದ್ದು ಕಲಿಸಬೇಕು. ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರಬಾರದು, ಹಗ್ಗವೋ ಸೀರೆಯೋ ಉದ್ದದ ಗಳವೋ ಎಸೆದು ಕೂಗಬೇಕು. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋಗುವುದು ಹೀಗೆ. ಇದನ್ನು ಮಕ್ಕಳ ಬಾಯಲ್ಲಿ ಹೇಳಿಸಿ.

ಇನ್ನೊಂದು ಗಾಡಿ. ಸ್ಕೂಟರ್ ಕೀಲಿಯನ್ನು ಮೊಳೆಗೆ ನೇತುಹಾಕಬೇಡಿ. ಲೈಸೆನ್ಸ್ ಇಲ್ಲದ ಮಗು ಓಡಿಸಿದರೆ 2019ರ ತಿದ್ದುಪಡಿಯಂತೆ ಗಾಡಿ ಮಾಲೀಕರಿಗೆ ಅಥವಾ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ದಂಡಕ್ಕಿಂತ ದೊಡ್ಡದು ಹೆದ್ದಾರಿ. ಹಾಲು ತರುವ ನೆಪಕ್ಕೂ ಕೊಡಬೇಡಿ. ಸೈಕಲ್ ಕೊಡಿ.

ರಿಸಲ್ಟ್ ಬರುವ ದಿನ

ಎಸ್‌ಎಸ್‌ಎಲ್‌ಸಿ ಬರೆದವರಿಗೆ ಫಲಿತಾಂಶ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅದಕ್ಕೂ ಒಂದು ವಾರ ಮೊದಲೇ ಮಾತಾಡಿಡಿ. "ಎಷ್ಟೇ ಬರಲಿ, ಅವತ್ತು ರಾತ್ರಿ ಎಲ್ಲರೂ ಒಟ್ಟಿಗೆ ಊಟ ಮಾಡೋಣ" ಅನ್ನಿ, ಅವತ್ತು ಹಾಗೇ ನಡೆದುಕೊಳ್ಳಿ. ಈಗ ಪರೀಕ್ಷೆ-2 ಅಂತ ಅದೇ ವರ್ಷ ಮತ್ತೆ ಬರೆಯಲು ಅವಕಾಶ ಇದೆ, ವರ್ಷ ಹೋಗುವುದಿಲ್ಲ. ಅವತ್ತು ಮಗುವನ್ನು ಒಬ್ಬರೇ ಬಿಡಬೇಡಿ. ಫೋನ್ ಮಾಡಿ ಮಾರ್ಕ್ಸ್ ಕೇಳುವ ನೆಂಟರಿಗೆ ನೀವೇ ಉತ್ತರ ಕೊಡಿ, ಮಗುವಿನ ಕೈಗೆ ಫೋನ್ ದಾಟಿಸಬೇಡಿ. ಊಟ ಬಿಟ್ಟು, ಮಾತು ಬಿಟ್ಟು ಕೂತರೆ, ಬದುಕೇ ಬೇಡ ಅನ್ನುವ ಮಾತಾಡಿದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ವಾರ

ಶಾಲೆ ತೆರೆಯಲು ಹತ್ತು ದಿನ ಇರುವಾಗ ಏಳುವ ಹೊತ್ತನ್ನು ದಿನಕ್ಕೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಒಂದೇ ದಿನ ಎಂಟರಿಂದ ಆರಕ್ಕೆ ಎಳೆದರೆ ಮೊದಲ ವಾರ ಕ್ಲಾಸಿನಲ್ಲೇ ತೂಕಡಿಕೆ. ಯೂನಿಫಾರ್ಮ್, ಶೂ ಈಗಲೇ ಹಾಕಿಸಿ ನೋಡಿ. ಈ ವಯಸ್ಸಿನಲ್ಲಿ ಎರಡು ತಿಂಗಳಿಗೇ ಪ್ಯಾಂಟು ಮೇಲೇರಿರುತ್ತದೆ, ಮೇ ಕೊನೆಗೆ ಟೈಲರ್ ಕೈಗೆ ಸಿಗುವುದಿಲ್ಲ. ರಜೆಯ ಹೋಂವರ್ಕ್ ಇದ್ದರೆ ದಿನಕ್ಕೊಂದು ಗಂಟೆಯ ಹಾಗೆ ಈ ವಾರದಲ್ಲೇ ಮುಗಿಯುತ್ತದೆ. ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಆಗದೆ ಉಳಿದದ್ದು ಏನಾದರೂ ಇದೆಯಾ ಅಂತ ಕೇಳಿ. ಗೆಳತಿ ಮನೆಯಲ್ಲಿ ಉಳಿಯುವುದು ಇನ್ನೂ ಬಾಕಿ ಇದ್ದರೆ ಆ ಶನಿವಾರವೇ ಕಳಿಸಿಕೊಡಿ, ಅವರ ಅಮ್ಮನ ಹತ್ತಿರ ನೀವೇ ಒಂದು ಮಾತು ಆಡಿ.